ತಾರಸಿಯ ಮೇಲೊಂದು ಮುಗಿಯದ ಎಂಟು

ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಬರೆಯುವ, ಅದಕ್ಕೇನು. ಆದರೆ ಮಾಷ್ಟ್ರ ಬಗ್ಗೆ ಬರೆಯಲು ಕುಳಿತರೆ ಮೂರನೆಯ ಸಾಲಿಗೇ ನನ್ನ ಬಿಪಿ ಏರುತ್ತದೆ. ಅವರ ಹಳೆ ವಿದ್ಯಾರ್ಥಿಗಳು ಸೇರಿ ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರಂತೆ. ಅಂಗಡಿಗೆ ಬಂದು, "ನೀವು ಅವರನ್ನು ಹತ್ತಿರದಿಂದ ಕಂಡವರು, ಎರಡು ಪುಟ ಕೊಡಿ" ಎಂದರು. ಹತ್ತಿರ ಎಂದರೆ ಎಷ್ಟು ಹತ್ತಿರ? ಮೂರೂವರೆ ವರ್ಷ ಅವರು ನನ್ನ ತಲೆಯ ಮೇಲೆಯೇ ಇದ್ದರು. ಕೆಳಗೆ ನನ್ನ ಅಂಗಡಿ, ಮೇಲೆ ಅವರ ಬಾಡಿಗೆ ಮನೆ. ಉಳಿದವರು ಅವರ ಶಿಸ್ತು, ಸರಳತೆ, ಬಿಳಿ ಅಂಗಿ ಎಲ್ಲವನ್ನೂ ಬರೆಯಲಿ. ನಾನು ನನ್ನ ತಾರಸಿಯ ಕಥೆ ಬರೆಯುತ್ತೇನೆ. ಓದಿದವರಿಗೆ ಒಂದಿಷ್ಟು ವ್ಯವಹಾರಜ್ಞಾನವಾದರೂ ಬರಲಿ.

ಶಿರ್ತಾಡಿಯಲ್ಲಿ ನನ್ನದೊಂದು ಕಟ್ಟಡ. ಕೆಳಗೆ ಮಾಡಿಗೆ, ಅಂದರೆ ಛಾವಣಿಗೆ, ಹಾಕುವ ಶೀಟು, ಟರ್ಪಾಲು, ಪೈಪುಗಳ ವ್ಯಾಪಾರ; ಮೊದಲ ಮಾಳಿಗೆಯಲ್ಲಿ ಅರ್ಧ ಗೋದಾಮು, ಅರ್ಧ ಬಾಡಿಗೆ ಮನೆ. ಬೆಳ್ತಂಗಡಿಯ ಸಂತೆಯಲ್ಲಿ ಸೈಕಲ್ಲಿನ ಹಿಂದೆ ಪ್ಲಾಸ್ಟಿಕ್ ಕಟ್ಟಿಕೊಂಡು ಮಾರಿದವನು ನಾನು. ಯಾರ ಹಂಗೂ ಇಲ್ಲದೆ ಕಟ್ಟಿದ್ದು. ನಮ್ಮ ಕಡೆಯ ಪದ್ಧತಿ ಎಲ್ಲರಿಗೂ ಗೊತ್ತು: ತಾರಸಿ ಮನೆ ಕಟ್ಟಿದವನು ಎರಡು ಮೂರು ಮಳೆಗಾಲ ಸೋರಿಸಿಕೊಂಡು, ಆಮೇಲೆ ಬುದ್ಧಿ ಬಂದು, ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟಿನ ಮಾಡು ಹಾಕಿಸುತ್ತಾನೆ. ನನ್ನ ಹೊಟ್ಟೆ ತುಂಬುವುದೇ ಅದರಿಂದ. ರಿಟೈರ್ ಆದ ಮಾಷ್ಟ್ರು ಮನೆ ಕೇಳಿಕೊಂಡು ಬಂದ ಸೆಪ್ಟೆಂಬರಿನಲ್ಲಿ ನನ್ನ ತಾರಸಿಗೂ ಶೀಟು ಹಾಕಿಸಬೇಕೆಂದು ಅಳತೆ ತೆಗೆದಾಗಿತ್ತು.

ಬಾಡಿಗೆ ಹೇಳಿದೆ. ಇಷ್ಟು ಹೇಳಿದರೆ ಅಷ್ಟಕ್ಕೆ ಇಳಿಯುತ್ತಾರೆ ಎಂಬ ಲೆಕ್ಕದಲ್ಲಿ ಸ್ವಲ್ಪ ಮೇಲೆಯೇ ಹೇಳಿದ್ದೆ. ಅವರು ಚೌಕಾಸಿಯೇ ಮಾಡಲಿಲ್ಲ. "ಆಗಬಹುದು" ಎಂದವರು, ನೇರ ತಾರಸಿಗೆ ಹೋಗಿ, ದಕ್ಷಿಣಕ್ಕೆ ಮುಖ ಮಾಡಿ ನಿಂತು, ಕತ್ತನ್ನು ಒಂದು ಕಡೆಗೆ ವಾಲಿಸಿ ಕೇಳಿದರು:

"ಆ ಬದಿಯಲ್ಲಿ ಯಾರಾದರೂ ಎತ್ತರದ ಕಟ್ಟಡ ಕಟ್ಟುವ ಅಂದಾಜು ಉಂಟಾ?"

"ಇಲ್ಲ ಮಾಷ್ಟ್ರೇ, ಅದು ಗದ್ದೆ."

"ಹಾಗಾದರೆ ಒಂದು ಕೋಲು ನೆಡುತ್ತೇನೆ. ಒಂದು ವರ್ಷ ಮಾತ್ರ. ಅಲ್ಲಿಯವರೆಗೆ ಶೀಟು ಹಾಕಬೇಡಿ."

ಬಟ್ಟೆ ಒಣಗಿಸಲಿಕ್ಕೆ ಇರಬೇಕೆಂದು ನಾನು "ಅದಕ್ಕೆಂತ, ಆಗಲಿ" ಎಂದುಬಿಟ್ಟೆ. ಬಾಡಿಗೆ ಕೊಡುವವರಿಗೆ ನನ್ನ ಮೊದಲ ಬುದ್ಧಿಮಾತು ಇಲ್ಲಿ ಬರೆದಿಡುತ್ತೇನೆ: ಹಣಕ್ಕೆ ಚೌಕಾಸಿ ಮಾಡದ ಮನುಷ್ಯ ಸಿಕ್ಕಿದರೆ ಸಂತೋಷ ಪಡಬೇಡಿ. ಅವನಿಗೆ ಬೇಕಾದದ್ದು ಬೇರೆ ಏನೋ ಉಂಟು, ಅದು ಹಣಕ್ಕಿಂತ ದುಬಾರಿ.

ಕೋಲು ಎಂದರೆ ಕಬ್ಬಿಣದ ಸಪೂರ ಪೈಪು, ಏಳಡಿ ಎರಡಿಂಚು. ನನ್ನ ಅಂಗಡಿಯದ್ದೇ. ಅದನ್ನು ನಿಲ್ಲಿಸಲು ಎರಡು ದಿನ, ಅದು ನೆಟ್ಟಗೆ ನಿಂತಿದೆಯೋ ಎಂದು ತೂಗುಗುಂಡು ಹಿಡಿದು ನೋಡಲು ಮತ್ತೊಂದು ವಾರ. ಆಮೇಲೆ ಶುರುವಾಯಿತು. ಪ್ರತಿ ಬುಧವಾರ ಮತ್ತು ಭಾನುವಾರ, ಗಡಿಯಾರದಲ್ಲಿ ಸರಿಯಾಗಿ ಹನ್ನೆರಡೂವರೆಗೆ, ಆ ಕೋಲಿನ ತುದಿಯ ನೆರಳು ಎಲ್ಲಿ ಬೀಳುತ್ತದೋ ಅಲ್ಲಿ ಬಿಳಿ ಪೇಂಟಿನ ಒಂದು ಚುಕ್ಕಿ. ನಮ್ಮ ಊರಿನ ನೆತ್ತಿಯ ಮೇಲೆ ಸೂರ್ಯ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ ಎಂದು ನನಗೆ ತಿಳಿದದ್ದೇ ಆಗ. ತಿಳಿದು ನನಗೆ ಆದ ಲಾಭ ಏನೂ ಇಲ್ಲ.

ಆ ಹೊತ್ತಿಗೆ ಯಾರು ಬಂದರೂ ಅವರು ಮಾತಾಡುತ್ತಿರಲಿಲ್ಲ. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅವರು ಮೆಟ್ಟಿಲಿನ ಬುಡದಲ್ಲಿ ನಿಂತು, "ಗ್ಯಾಸ್ ಮುಗಿದು ಮೂರು ದಿನ ಆದರೂ ಇವರಿಗೆ ಗೊತ್ತಾಗುವುದಿಲ್ಲ, ಸೂರ್ಯ ಒಂದು ಇಂಚು ಸರಿದರೆ ಗೊತ್ತಾಗುತ್ತದೆ" ಎಂದು ಕೂಗಿ ಹೇಳುತ್ತಿದ್ದರು. ಸೂರ್ಯನ ವಿಷಯ ಬಂದರೆ ಮಾಷ್ಟ್ರಿಗೆ ತುಳು ಕೂಡ ಬೇಡ. ತುಳುವಿನಲ್ಲಿ ಮಳೆ, ಬಸ್ಸು, ಮೀನಿನ ರೇಟು ಎಲ್ಲ ಮಾತಾಡುತ್ತಾ ಇದ್ದವರು, ಭೂಮಿಯ ಅಕ್ಷದ ಸುದ್ದಿ ಬಂತೆಂದರೆ ತಟಕ್ಕನೆ ಪಾಠಪುಸ್ತಕದ ಕನ್ನಡಕ್ಕೆ ಹಾರುತ್ತಿದ್ದರು. ನಾನು ಅವರ ವಿದ್ಯಾರ್ಥಿಯಲ್ಲ, ಆದರೂ ಮೊದಲ ತಿಂಗಳು "ನೀವು" ಎಂದವರು ಎರಡನೆಯ ತಿಂಗಳಿನಿಂದ "ನೀನು" ಎಂದರು. ಬಾಡಿಗೆದಾರ ಧಣಿಗೆ ಏಕವಚನದಲ್ಲಿ ಪಾಠ ಹೇಳುವುದನ್ನು ಬೇರೆ ಎಲ್ಲಿಯೂ ನಾನು ಕಂಡಿಲ್ಲ.

ಒಂದು ದಿನ ಅಂಗಡಿಯಲ್ಲಿ ನಾನೇ ಬಾಯಿ ಹಾಕಿದೆ.

"ಬೇಸಗೆಯಲ್ಲಿ ಭೂಮಿ ಸೂರ್ಯನ ಹತ್ತಿರ ಹೋಗುತ್ತದೆ, ಹಾಗಾಗಿ ಸೆಕೆ. ಅಷ್ಟೇ ಅಲ್ವಾ ಮಾಷ್ಟ್ರೇ, ಅದಕ್ಕೆ ಇಷ್ಟು ಚುಕ್ಕಿ ಯಾಕೆ?"

ಅವರು ನನ್ನನ್ನು ನೋಡಿದ ನೋಟ, ಫೇಲಾದ ಹುಡುಗನನ್ನು ನೋಡುವಂಥದ್ದು. "ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯಲ್ಲಿ ಮಾರಾಯ. ಜನವರಿಯಲ್ಲಿ ನೀನು ಸ್ವೆಟರ್ ಹಾಕಿ ಅಂಗಡಿ ತೆಗೆಯುವುದಿಲ್ಲವಾ?"

ಕೌಂಟರಿನ ಟಾರ್ಚು ಎತ್ತಿಕೊಂಡರು. ಗಿರಾಕಿಗೆ ತೋರಿಸಲು ಇಟ್ಟಿದ್ದ ಬಿಳಿ ಶೀಟಿನ ಮೇಲೆ ನೇರ ಬೆಳಕು ಬಿಟ್ಟರು; ಸಣ್ಣ ವೃತ್ತ, ಕಣ್ಣು ಕುಕ್ಕುವಷ್ಟು ಬೆಳಕು. ಶೀಟನ್ನು ಓರೆ ಮಾಡಿದರು. ವೃತ್ತ ಉದ್ದವಾಗಿ ಹರಡಿ ಮಂಕಾಯಿತು.

"ಒಂದು ಲೀಟರ್ ಪೇಂಟನ್ನು ಒಂದು ಗೋಡೆಗೆ ಬಳಿಯುವುದಕ್ಕೂ ಎರಡು ಗೋಡೆಗೆ ಬಳಿಯುವುದಕ್ಕೂ ವ್ಯತ್ಯಾಸ ಉಂಟಲ್ಲ? ಅಷ್ಟೇ. ಭೂಮಿ ಇಪ್ಪತ್ಮೂರೂವರೆ ಡಿಗ್ರಿ ವಾಲಿಕೊಂಡೇ ಸುತ್ತು ಹಾಕುತ್ತದೆ. ವಾಲಿದ ದಿಕ್ಕು ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಅರ್ಧ ವರ್ಷ ನಮ್ಮ ಅರ್ಧಗೋಳ ಸೂರ್ಯನ ಕಡೆಗೆ, ಅರ್ಧ ವರ್ಷ ಆಚೆಗೆ. ಜೂನಿನಲ್ಲಿ ಉತ್ತರದ ನೆಲ ಕಾದು ಸಮುದ್ರದ ಗಾಳಿಯನ್ನು ಎಳೆಯುತ್ತದೆ, ಮಳೆ ಬರುತ್ತದೆ, ನಿನ್ನ ಟರ್ಪಾಲು ಖರ್ಚಾಗುತ್ತದೆ. ಭೂಮಿ ನೆಟ್ಟಗೆ ನಿಂತಿದ್ದರೆ ನೀನು ಇವತ್ತಿಗೂ ಸೈಕಲಲ್ಲೇ ಇರುತ್ತಿದ್ದಿ."

ಪೇಂಟಿನ ಲೆಕ್ಕ ನನಗೆ ಅರ್ಥವಾಯಿತು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅಷ್ಟು ಹೊತ್ತು ಇಬ್ಬರು ಗಿರಾಕಿಗಳು ಕಾದು ನಿಂತು, ಒಬ್ಬ ಮೂಡಬಿದಿರೆಗೆ ಹೋಗಿ ತೆಗೆದುಕೊಳ್ಳುತ್ತೇನೆಂದು ಬಸ್ಸು ಹತ್ತಿದ. ಆ ನಷ್ಟವನ್ನು ಯಾವ ಅಕ್ಷಕ್ಕೆ ಹಾಕುವುದು?

ಭೂಮಿಯೊಂದರಲ್ಲೇ ನಿಲ್ಲುವವರೂ ಅವರಲ್ಲ. ಗುರುಗ್ರಹ ಮೂರು ಡಿಗ್ರಿ ಮಾತ್ರ ವಾಲಿದೆ, ಅಲ್ಲಿ ಋತುಗಳೇ ಇಲ್ಲದ ಹಾಗೆ. ಯುರೇನಸ್ ಪೂರ್ತಿ ಅಡ್ಡ ಮಲಗಿ ಉರುಳುತ್ತದೆ, ಅದರ ಧ್ರುವದಲ್ಲಿ ನಲವತ್ತೆರಡು ವರ್ಷ ಹಗಲು, ನಲವತ್ತೆರಡು ವರ್ಷ ರಾತ್ರಿ. ನಮ್ಮ ಚಂದ್ರ ಒಂದೂವರೆ ಡಿಗ್ರಿ. ಅದರ ಧ್ರುವದ ಹೊಂಡಗಳ ತಳಕ್ಕೆ ಸೂರ್ಯನ ಬೆಳಕು ಬೀಳುವುದೇ ಇಲ್ಲ. ಇದನ್ನೆಲ್ಲ ಅವರು ಹೇಳುತ್ತಿದ್ದದ್ದು ನಾನು ಲಾರಿಯಿಂದ ಮಾಲು ಇಳಿಸುವಾಗ. ಶನಿಗ್ರಹದ ಉಪಗ್ರಹ ಟೈಟನ್‌ನಲ್ಲಿ ಒಂದೊಂದು ಕಾಲ ಏಳೇಳು ವರ್ಷ, ಅಲ್ಲಿಯೂ ಮಳೆ ಉಂಟು, ಮೀಥೇನಿನ ಮಳೆ ಎಂದರು ಒಮ್ಮೆ.

"ಏಳು ವರ್ಷದ ಮಳೆಗಾಲವಾ? ಹಾಗಾದರೆ ಅಲ್ಲಿ ಒಂದು ಬ್ರಾಂಚ್ ಹಾಕುವ ಮಾಷ್ಟ್ರೇ" ಎಂದೆ.

ತಮಾಷೆ ಎಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ಸ್ವಲ್ಪ ಯೋಚಿಸಿ, "ಪ್ರಯೋಜನ ಇಲ್ಲ. ಅಲ್ಲಿಯ ಚಳಿಗೆ ನಿನ್ನ ಟರ್ಪಾಲು ಹುಡಿಯಾಗುತ್ತದೆ" ಎಂದರು.

ನನ್ನ ತಮ್ಮನ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಕರೆದುಕೊಂಡು ಹೋದದ್ದು ಇನ್ನೊಂದು ತಪ್ಪು. ಪುರೋಹಿತರು "ಉತ್ತರಾಯಣ ಪುಣ್ಯಕಾಲದಲ್ಲಿ" ಎಂದು ಸಂಕಲ್ಪ ಶುರು ಮಾಡಿದರು. ಮಾಷ್ಟ್ರು ಹಿಂದಿನ ಸಾಲಿನಿಂದ, "ಸೂರ್ಯ ಉತ್ತರಕ್ಕೆ ತಿರುಗಿದ್ದು ಡಿಸೆಂಬರ್ ಇಪ್ಪತ್ತೆರಡಕ್ಕೆ. ಭೂಮಿಯ ಅಕ್ಷ ಬುಗರಿಯ ಹಾಗೆ ಓಲಾಡುತ್ತದೆ, ನಿಮ್ಮ ಪಂಚಾಂಗ ಮೂರು ವಾರ ಹಿಂದೆ ಉಂಟು" ಎಂದರು. ಪುರೋಹಿತರು ಅಕ್ಕಿ ಹಿಡಿದ ಕೈ ನಿಲ್ಲಿಸದೆ ಹೇಳಿದರು: "ಇರಬಹುದು ಮಾಷ್ಟ್ರೇ. ನಿಮ್ಮ ಉತ್ತರಾಯಣಕ್ಕೆ ಊಟ ಉಂಟಾ? ನನ್ನದಕ್ಕೆ ಉಂಟು." ಚಪ್ಪರವೆಲ್ಲ ನಕ್ಕಿತು. ಮಾಷ್ಟ್ರು ನಗಲಿಲ್ಲ, ಊಟ ಬಿಡಲೂ ಇಲ್ಲ.

ಚುಕ್ಕಿಗಳ ಕಥೆಗೆ ಬರುತ್ತೇನೆ. ಡಿಸೆಂಬರಿನಲ್ಲಿ ಕೋಲಿನ ನೆರಳು ಉತ್ತರಕ್ಕೆ ಐದಡಿ ಚಾಚಿತ್ತು. ಅಲ್ಲಿಂದ ಕುಗ್ಗುತ್ತಾ ಬಂದು, ಏಪ್ರಿಲ್ ಕೊನೆಗೆ ಕೋಲಿನ ಬುಡಕ್ಕೇ ಸೇರಿ, ಮೇ ತಿಂಗಳಲ್ಲಿ ಬುಡ ದಾಟಿ ದಕ್ಷಿಣಕ್ಕೆ ಹೋಯಿತು. ಆ ತಿಂಗಳುಗಳಲ್ಲಿ ನಡುಮಧ್ಯಾಹ್ನ ಸೂರ್ಯ ನಮ್ಮ ಉತ್ತರದಲ್ಲಿ ಇರುತ್ತಾನೆ ಎಂದು ಐವತ್ತು ವರ್ಷ ಬಿಸಿಲಲ್ಲಿ ದುಡಿದ ನನಗೆ ಗೊತ್ತಿರಲಿಲ್ಲ. ಚುಕ್ಕಿಗಳು ನೇರ ಗೆರೆಯಲ್ಲಿ ಹೋಗದೆ ಸೊಂಟ ಬಳುಕಿಸಿಕೊಂಡು ಹೋಗಿದ್ದವು. ವರ್ಷ ಪೂರ್ತಿಯಾದರೆ ಅದು ಒಂದು ಎಂಟರ ಆಕಾರವಾಗುತ್ತದೆ, ಉತ್ತರಕ್ಕೆ ದೊಡ್ಡ ಹೊಟ್ಟೆ, ದಕ್ಷಿಣಕ್ಕೆ ಸಣ್ಣ ತಲೆ ಎಂದರು ಮಾಷ್ಟ್ರು. ಭೂಮಿಯ ವಾಲಿಕೆ, ಭೂಮಿಯ ಓಟದ ಹೆಚ್ಚು ಕಡಿಮೆ, ಎರಡೂ ಆ ಎಂಟರಲ್ಲಿ ಉಂಟಂತೆ.

"ಪುಸ್ತಕದಲ್ಲಿ ಇದರ ಚಿತ್ರ ಉಂಟಲ್ಲ? ಅದನ್ನೇ ನೋಡಿದರಾಯ್ತು" ಎಂದೆ.

"ಪುಸ್ತಕದಲ್ಲಿ ಇರುವುದು ಬೇರೆಯವನ ಎಂಟು" ಎಂದರು.

ಆಗ ಹೊರಬಂತು ಹಳೆಯ ಪುರಾಣ. ಕೆಲಸಕ್ಕೆ ಸೇರಿದಂದಿನಿಂದ ಅವರು ಈ ಎಂಟಕ್ಕೆ ಹೊರಟವರು. ಮೊದಲು ಚಾರ್ಮಾಡಿಯ ಕಡೆ ಶಾಲೆ. ಅಲ್ಲಿ ಘಟ್ಟದ ಮೋಡ. ಆಮೇಲೆ ಅಳದಂಗಡಿಯ ಕಡೆ. ಅಲ್ಲಿ ಯಾರೋ ತೋರಣ ಕಟ್ಟಲು ಕೋಲನ್ನೇ ಕಿತ್ತರು. ಬಂಟ್ವಾಳದಲ್ಲಿ ಮುಕ್ಕಾಲು ಆಗಿತ್ತು, ಹೊಳೆಯ ನೆರೆ ಅಂಗಳಕ್ಕೆ ಬಂದು ಚುಕ್ಕಿಗಳನ್ನೆಲ್ಲ ಒರೆಸಿಕೊಂಡು ಹೋಯಿತು. ಉಳಿದ ಕಡೆಯೆಲ್ಲ ವರ್ಗಾವಣೆ. ನಮ್ಮ ಸರಕಾರ ಮಾಷ್ಟ್ರುಗಳನ್ನು ವರ್ಗ ಮಾಡುವುದು ಮಳೆ ಶುರುವಾಗುವ ಹೊತ್ತಿಗೇ. ನೆರಳು ದಕ್ಷಿಣದ ತುದಿ ಮುಟ್ಟುವುದೂ ಆಗಲೇ. ಮೂವತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ಆ ಎಂಟರ ತಲೆ ಒಮ್ಮೆಯೂ ಕೂಡಿಕೊಳ್ಳಲಿಲ್ಲ.

ನಮ್ಮ ತಾರಸಿಯಲ್ಲಿ ಮಾತ್ರ ಬೇರೆ ಏನಾದೀತು? ಮೇ ಕೊನೆಯವರೆಗೆ ಚುಕ್ಕಿ ಬಂತು, ಜೂನಿನಲ್ಲಿ ಮಳೆ ಕೂತಿತು. ಜೂನ್ ಇಪ್ಪತ್ತೊಂದರ ಆಚೆ ಈಚೆ ನಾಲ್ಕೈದು ದಿನದಲ್ಲಿ ಒಂದು ಚುಕ್ಕಿ ಸಿಕ್ಕರೆ ತುದಿ ಸಿಕ್ಕಿದ ಹಾಗೆ. ಆಮೇಲೆ ಜುಲೈ, ಆಗಸ್ಟಿನ ನಾಲ್ಕು ಚುಕ್ಕಿ. ಮಾಷ್ಟ್ರು ಕೊಡೆ ಹಿಡಿದು ಹನ್ನೆರಡೂವರೆಗೆ ಮೇಲೆ ಹೋಗಿ ನಿಲ್ಲುವುದು, ಒದ್ದೆಯಾಗಿ ಇಳಿಯುವುದು. ಸೆಪ್ಟೆಂಬರಿನಲ್ಲಿ ಬಂದು ತಲೆ ತಗ್ಗಿಸಿ, "ಇನ್ನೊಂದು ವರ್ಷ" ಎಂದರು. ಕೊಟ್ಟೆ. ಎರಡನೆಯ ಮಳೆಗಾಲವೂ ಹಾಗೆಯೇ ಹೋಯಿತು.

ನನ್ನ ಪಾಡು ಕೇಳಿ. ಗೋದಾಮಿನ ಛಾವಣಿ ಸೋರಿ ಮಾಲಿನ ರಟ್ಟಿನ ಪೆಟ್ಟಿಗೆಗಳೆಲ್ಲ ಮೆದುವಾದವು. ಅದಕ್ಕಿಂತ ದೊಡ್ಡದು ಮರ್ಯಾದೆಯ ಪ್ರಶ್ನೆ. ಶೀಟು ಕೊಳ್ಳಲು ಬಂದ ಗಿರಾಕಿ ಹೊರಗೆ ನಿಂತು ನನ್ನ ಕಟ್ಟಡವನ್ನು ಮೇಲಿನಿಂದ ಕೆಳಗೆ ನೋಡಿ, "ಅಲ್ಲ ಮಾರಾಯ್ರೆ, ತಾರಸಿಗೆ ಶೀಟು ಬೇಕೇ ಬೇಕು ಅಂತ ನನಗೆ ಹೇಳ್ತೀರಿ, ನಿಮ್ಮದಕ್ಕೆ ಯಾಕೆ ಇಲ್ಲ?" ಎಂದು ಕೇಳಿದರೆ ಏನು ಹೇಳಬೇಕು? ಮೇಲೆ ಒಬ್ಬರು ಸೂರ್ಯನನ್ನು ಅಳೆಯುತ್ತಿದ್ದಾರೆ ಎಂದು ಹೇಳಲಾ?

ಮೂರನೆಯ ಮೇ ತಿಂಗಳಲ್ಲಿ ನಾನು ಗಟ್ಟಿಯಾದೆ. ವೆಲ್ಡಿಂಗಿನವನನ್ನು ಕರೆಸಿದೆ, ಕಂಬ ನಿಲ್ಲಿಸಿದೆ, ಒಂದು ಬದಿಗೆ ಶೀಟು ಹೊದೆಸಿಯೂ ಆಯಿತು. ಮಾಷ್ಟ್ರು ಕೋಲಿನ ಬುಡದಲ್ಲಿ ಕುರ್ಚಿ ಹಾಕಿ ಕುಳಿತರು. ವೆಲ್ಡಿಂಗಿನವ ನನ್ನ ಮುಖ ನೋಡಿದ. ನಾನು ಕೆಳಗೆ ಬಂದೆ. ಹಿಂದೆಯೇ ಅಕ್ಕ ಬಂದರು.

"ಧಣಿಗಳೇ, ನಿಮ್ಮ ಕಟ್ಟಡ, ನಿಮ್ಮ ಶೀಟು. ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಮೊನ್ನೆ ಮಂಗಳೂರಿನ ಡಾಕ್ಟ್ರು ಇವರ ಹೃದಯ ಅರ್ಧ ಕೆಲಸ ಮಾಡುತ್ತಿಲ್ಲ ಅಂದಿದ್ದಾರೆ. ಇನ್ನೊಂದು ಮಳೆಗಾಲ ಕಾಣುತ್ತಾರೋ ಇಲ್ಲವೋ. ಇಷ್ಟು ನಿಮಗೆ ಗೊತ್ತಿರಲಿ ಅಂತ. ಶೀಟು ಹಾಕಿ."

ಚೌಕಾಸಿ ಎಂದರೆ ಇದು. ನಲವತ್ತು ವರ್ಷದ ವ್ಯಾಪಾರದಲ್ಲಿ ನಾನು ಇದನ್ನು ಕಲಿತಿರಲಿಲ್ಲ. ಮತ್ತೆ ಮೇಲೆ ಹೋದೆ. ಹೊಸ ಶೀಟಿನ ಅಡಿಯಲ್ಲಿ ನಿಂತು ಏನು ಮಾಡುವುದೆಂದು ಯೋಚಿಸುವಾಗ ನೆಲದ ಮೇಲೆ ಒಂದು ಹೊಳೆಯುವ ಬಿಲ್ಲೆ ಕಂಡಿತು. ತಲೆಯೆತ್ತಿದರೆ, ವೆಲ್ಡಿಂಗಿನವ ಜಾಗ ತಪ್ಪಿ ಕೊರೆದ ಸ್ಕ್ರೂವಿನ ತೂತು. ಅದರಿಂದ ಬಿದ್ದ ಬಿಸಿಲು.

"ಮಾಷ್ಟ್ರೇ, ಇಲ್ಲಿ ಬನ್ನಿ" ಎಂದೆ. "ನಿಮಗೆ ಬೇಕಾದದ್ದು ಆ ಕೋಲಾ, ಅದರ ತುದಿಯಾ?"

"ತುದಿ."

"ಆ ತುದಿ ಇರುವ ಜಾಗದಲ್ಲೇ ಶೀಟು ಬಂದು, ಅಲ್ಲಿಯೇ ಒಂದು ತೂತು ಇಟ್ಟರೆ? ಕೋಲು ಇದ್ದಾಗ ನೆರಳು ಬಿದ್ದ ಕಡೆಯೇ ಈಗ ಬೆಳಕು ಬೀಳಬೇಕಲ್ಲ?"

ಅವರ ಕತ್ತು ಒಂದು ಕಡೆಗೆ ವಾಲಿತು. ಆಮೇಲೆ ಎದ್ದು ಬಂದು, ಆ ಬಿಲ್ಲೆಯ ಮೇಲೆ ಅಂಗೈ ಹಿಡಿದು, ಮೆಲ್ಲಗೆ ಹೇಳಿದರು: "ಹಳೆಯ ಚುಕ್ಕಿ ಯಾವುದೂ ಹಾಳಾಗುವುದಿಲ್ಲ. ತೆಳು ಮೋಡ ಇದ್ದರೆ ನೆರಳು ಕಾಣುವುದಿಲ್ಲ, ಇದು ಕಾಣುತ್ತದೆ. ಇದನ್ನು ನೀನು ಯೋಚಿಸಿದ್ದಾ?"

"ಮತ್ತೆ ಯಾರು?"

"ಏಳನೆಯ ಕ್ಲಾಸಿನಲ್ಲಿ ನೀನು ನನಗೆ ಸಿಗಬೇಕಿತ್ತು" ಎಂದರು. ಅವರಿಂದ ನಾನು ಕೇಳಿದ ಹೊಗಳಿಕೆ ಇದೊಂದೇ.

ಒಪ್ಪಂದವಾಯಿತು, ಆದರೆ ಏನು ಒಪ್ಪಂದ! ಏಳಡಿ ಎರಡಿಂಚಿಗೆ ಸರಿಯಾಗಿ ಶೀಟು ಬರಬೇಕೆಂದು ದಕ್ಷಿಣದ ಇಳಿಜಾರನ್ನು ಇಳಿಸಬೇಕಾಯಿತು. ಕೋಲಿನ ತುದಿಗೆ ತೂತು ಹೊಂದಿಸಲು ವೆಲ್ಡಿಂಗಿನವ ಇಡೀ ದಿನ ಹತ್ತಿ ಇಳಿದ. ಸಂಜೆಗೆ ಅವನು, "ಅಣ್ಣ, ದೇವಸ್ಥಾನದ ಕಲಶ ಕೂರಿಸುವಾಗಲೂ ಇಷ್ಟು ಗಲಾಟೆ ಇರುವುದಿಲ್ಲ" ಎಂದ. ಕೊನೆಗೆ ಕೋಲು ಕಿತ್ತು ತೆಗೆದೆವು. ತೂತು ಉಳಿಯಿತು. ಶೀಟು ಹಾಕಿಸುವವರಿಗೆ ಇನ್ನೊಂದು ಮಾತು: ಬಣ್ಣ ನೋಡಬೇಡಿ, ದಪ್ಪ ನೋಡಿ, ಮತ್ತು ಬೇಕೆಂದೇ ಬಿಟ್ಟ ತೂತು ಯಾವುದೆಂದು ಎಲ್ಲರಿಗೂ ಬಾಯಿಬಿಟ್ಟು ಹೇಳಿಡಿ. ಯಾಕೆಂದರೆ ನಾನು ಹೇಳಿಡಲಿಲ್ಲ.

ಜೂನ್ ಮೊದಲ ವಾರ ಭಾರೀ ಮಳೆ. ಹೊಸ ಮಾಡು ಎಂದರೆ ಮೊದಲ ಮಳೆಗೆ ಒಂದು ತಪಾಸಣೆ ಇದ್ದೇ ಇದೆ. ಎಲ್ಲಿ ಹನಿಯುತ್ತದೋ ಅಲ್ಲಿಗೆ ಸಿಲಿಕಾನ್ ಅಂಟು ತುಂಬುವುದು. ನಾನು ಮೂಡಬಿದಿರೆಗೆ ಹೋಗುವ ಅವಸರದಲ್ಲಿ ಹೊಸದಾಗಿ ಸೇರಿದ ಕೆಲಸದವನಿಗೆ ಹೇಳಿದ್ದು ಇಷ್ಟೇ: "ಮೇಲೆ ಹೋಗು, ತೂತು ಕಂಡದ್ದನ್ನೆಲ್ಲ ಮುಚ್ಚು." ಅದನ್ನು ನಾನು ಯೋಚನೆ ಮಾಡಿ ಹೇಳಿದ್ದಲ್ಲ. ಶೀಟಿನಲ್ಲಿ ತೂತು ಎಂದರೆ ಮುಚ್ಚು ಎಂದು ನನ್ನ ನಾಲಗೆ ತಾನಾಗಿ ಹೇಳುತ್ತದೆ. ಅವನು ಒಳ್ಳೆಯ ಕೆಲಸಗಾರ. ಮುಚ್ಚಿದ.

ಜೂನ್ ಇಪ್ಪತ್ತೆರಡು. ಬೆಳಿಗ್ಗೆಯಿಂದ ಸುರಿದ ಮಳೆ ಹನ್ನೆರಡಕ್ಕೆ ನಿಂತಿತು. ಹನ್ನೆರಡೂಕಾಲಿಗೆ ಮೋಡ ಹರಿದು ರಸ್ತೆಯ ಮೇಲೆ ಹೊಗೆಯೇಳುವಂಥ ಬಿಸಿಲು. ಮೇಲಿನಿಂದ ಅಕ್ಕನ ದನಿ ಕೇಳಿತು: "ಮೆಲ್ಲ, ಮೆಲ್ಲ, ಒಂದೊಂದೇ ಮೆಟ್ಟಿಲು." ನಾನು ಕೆಳಗೆ ಗಿರಾಕಿಯ ಬಿಲ್ಲು ಬರೆಯುತ್ತಾ ಒಳಗೊಳಗೇ ಖುಷಿಪಟ್ಟೆ, ಅಂತೂ ಈ ಕಾಟ ಮುಗಿಯಿತು ಎಂದು. ಆಗ ಅಕ್ಕ ಕೂಗಿದರು:

"ಧಣಿಗಳೇ, ಬೆಳಕೇ ಬೀಳುತ್ತಿಲ್ಲ!"

ನನಗೆ ಅರ್ಥವಾದದ್ದು ಮೆಟ್ಟಿಲ ಅರ್ಧದಲ್ಲಿ. ಸ್ಕ್ರೂಡ್ರೈವರ್ ಹಿಡಿದು ಓಡಿದೆ. ಅಡಿಯಿಂದ ಚುಚ್ಚಿದರೆ ಸಿಲಿಕಾನ್ ರಬ್ಬರಿನ ಹಾಗೆ ಒಳಗೆ ಹೋಗಿ ಮತ್ತೆ ವಾಪಸು ಬರುತ್ತದೆ; ಬಿಡುವುದಿಲ್ಲ. ಒಳ್ಳೆಯ ಮಾಲು, ನಾನೇ ಮಾರುವುದು. ಏಣಿ ಇಟ್ಟು ಒದ್ದೆ ಶೀಟಿನ ಮೇಲೆ ಹೊಟ್ಟೆಯಡಿ ಮಾಡಿ ಮಲಗಿ, ಉಗುರಿನಿಂದ, ಸ್ಕ್ರೂಡ್ರೈವರಿನಿಂದ, ಬಾಯಿಗೆ ಬಂದ ಬೈಗುಳಗಳಿಂದ ಕಿತ್ತೆ. ಕಿತ್ತು ಬಂತು. ನಾನು ಮೇಲಿಂದ ಕೇಳಿದೆ, "ಬಿತ್ತಾ?"

ಕೆಳಗಿನಿಂದ ಮಾಷ್ಟ್ರ ದನಿ: "ಬಿತ್ತು. ಹನ್ನೆರಡು ನಲವತ್ತಮೂರು."

"ಹಾಗಾದರೆ ಇಡಿ ಚುಕ್ಕಿ!"

"ಅದು ಬೇರೆ ಗಂಟೆಯ ಚುಕ್ಕಿ. ಇದರಲ್ಲಿ ಸೇರುವುದಿಲ್ಲ."

ನಾನು ಇಳಿದು ಬರುವಷ್ಟರಲ್ಲಿ ಮೋಡ ಮುಚ್ಚಿತ್ತು. ಹದಿಮೂರು ನಿಮಿಷಕ್ಕೆ ಏನಾಗುತ್ತದೆ, ಅಂದಾಜಿನಲ್ಲಿ ನಾಲ್ಕೈದು ಇಂಚು ಈಚೆಗೆ ಇಡಿ ಎಂದು ನಾನು ಅಂಗಲಾಚಿದೆ. ವ್ಯಾಪಾರದಲ್ಲಿ ಅಂದಾಜಿಲ್ಲದೆ ನಡೆಯುತ್ತದಾ? ಆ ಮನುಷ್ಯ ಒಪ್ಪಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ತಿರುಗಿ ಬೈದು ಹಗುರ ಮಾಡಿಕೊಳ್ಳುತ್ತಿದ್ದೆ. ಕೈಯಲ್ಲಿದ್ದ ಬ್ರಶ್ಶನ್ನು ಡಬ್ಬಿಯೊಳಗೆ ಇಟ್ಟು, "ತೂತು ಕಂಡರೆ ಮುಚ್ಚುವುದು ನಿನ್ನ ಕೆಲಸ. ನೀನು ಸರಿಯಾಗಿಯೇ ಮಾಡಿದ್ದಿ" ಎಂದರು. ಆ ಮಾತಿಗೆ ನನಗೆ ಇನ್ನೂ ಸಿಟ್ಟು ಉಂಟು.

ಮರುದಿನದಿಂದ ಮತ್ತೆ ಮಳೆ. ಹತ್ತು ದಿನದಲ್ಲಿ ಅವರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ನಾನು ಹೇಳಿದೆ, "ಉಳಿದ ಚುಕ್ಕಿ ನಾನು ಇಡುತ್ತೇನೆ ಮಾಷ್ಟ್ರೇ."

"ಹನ್ನೆರಡೂವರೆಗೆ ಗಿರಾಕಿ ಬಂದರೆ?"

"ಕೂರಿಸುತ್ತೇನೆ."

"ನೀನಾ? ಗಿರಾಕಿಯನ್ನಾ?" ಎಂದು ನಕ್ಕರು. ಮೂಗಿಗೆ ನಳಿಗೆ ಹಾಕಿದ್ದರೂ ನಕ್ಕರು. ಪಕ್ಕದ ಮಂಚದವರು ತಿರುಗಿ ನೋಡಿದರು. ಆಮೇಲೆ ಹೇಳಿದರು: "ಜೂನಿನಲ್ಲಿ ಸೂರ್ಯ ಅವಸರ ಮಾಡುವುದಿಲ್ಲ. ತಿರುಗುವ ಮೊದಲು ನಾಲ್ಕು ದಿನ ಒಂದೇ ಕಡೆ ನಿಂತ ಹಾಗೆ ಇರುತ್ತಾನೆ. ನಾವು ಮಾತ್ರ ಅವಸರದವರು."

ಆ ಮಳೆಗಾಲದಲ್ಲಿ ಒಂದು ಚುಕ್ಕಿಯೂ ಸಿಗಲಿಲ್ಲ. ಮಾಷ್ಟ್ರು ಫೆಬ್ರವರಿಯಲ್ಲಿ ತೀರಿಕೊಂಡರು. ಬಿಸಿಲು ಚೆನ್ನಾಗಿದ್ದ ದಿನ, ಚುಕ್ಕಿಗೆ ಏನೂ ಅಡ್ಡಿಯಿಲ್ಲದ ಕಾಲ. ಅಕ್ಕ ಬಂಟ್ವಾಳದ ತಂಗಿಯ ಮನೆಗೆ ಹೋದರು. ಸಾಮಾನು ಇಲ್ಲಿಯೇ ಇತ್ತು. ಜೂನ್ ಕೊನೆಗೆ ಮನೆ ಖಾಲಿ ಮಾಡುತ್ತೇನೆಂದು ಹೇಳಿದ್ದರು. ತೂತಿನ ಕೆಳಗೆ ನಾನು ಬಕೆಟ್ ಇಟ್ಟಿದ್ದೆ. ಶೀಟಿನ ವ್ಯಾಪಾರಿ ತನ್ನ ಮಾಡಿನ ತೂತಿಗೆ ಬಕೆಟ್ ಇಡುವುದನ್ನು ನೋಡಲಿಕ್ಕೆಂದೇ ಜನ ಬರುತ್ತಿದ್ದರು.

ಈ ಜೂನಿನಲ್ಲಿ ಹದಿನೆಂಟರಿಂದ ದಿನಾ ಹನ್ನೆರಡೂಕಾಲಿಗೆ ಮೇಲೆ ಹೋದೆ. ಗಿರಾಕಿಗಳನ್ನು ಕೂರಿಸಿದೆ, ಇಬ್ಬರು ಎದ್ದು ಹೋದರು, ಹೋಗಲಿ. ಐದನೆಯ ದಿನ, ಹನ್ನೆರಡು ಇಪ್ಪತ್ತೆಂಟಕ್ಕೆ, ತೆಳು ಮೋಡದ ಹಿಂದಿನಿಂದ ಮಂಕಾಗಿ ಒಂದು ಬಿಲ್ಲೆ ನೆಲಕ್ಕೆ ಬಂತು. ಬಕೆಟ್ ಒದ್ದು ಸರಿಸಿ, ಬ್ರಶ್ಶು ಅದ್ದಿ ಕುಕ್ಕರಗಾಲಲ್ಲಿ ಕುಳಿತೆ. ಆಗ ತಲೆಗೆ ಬಂತು: ಬಿಲ್ಲೆ ಒಂದು ರೂಪಾಯಿ ನಾಣ್ಯದಷ್ಟು ಅಗಲ ಉಂಟು; ಚುಕ್ಕಿ ಅದರ ನಡುವಿಗೆ ಇಡುವುದಾ, ಅಂಚಿಗೆ ಇಡುವುದಾ? ಕೇಳುವ ಎಂದರೆ ಜನವಿಲ್ಲ. ಮೂರೂವರೆ ವರ್ಷ ಬೇಡದ ಗ್ರಹಗಳ ವಿಷಯವೆಲ್ಲ ಹೇಳಿದ ಮನುಷ್ಯ ಬೇಕಾದ ಇದೊಂದನ್ನು ಹೇಳಿರಲಿಲ್ಲ. ಯೋಚಿಸುತ್ತಾ ಕೂರುವ ಹಾಗೂ ಇಲ್ಲ, ಕಣ್ಣೆದುರೇ ಸರಿಯುತ್ತದೆ. ಮೊಬೈಲಿನಲ್ಲಿ ಹನ್ನೆರಡೂವರೆ ಆಯಿತು. ನಡುವಿಗೆ ಇಟ್ಟೆ.

ಅಕ್ಕನಿಗೆ ಫೋನ್ ಮಾಡಿದೆ. "ಇಟ್ಟೆ ಅಕ್ಕಾ. ತುದಿಯದ್ದು. ಸಿಕ್ಕಿತು."

ಆ ಕಡೆಯಿಂದ ಮೂಗು ಒರೆಸಿದ ಸದ್ದು. ಆಮೇಲೆ, "ಸರಿಯಾಗಿ ಹನ್ನೆರಡೂವರೆಗಾ?"

"ಸರಿಯಾಗಿ."

"ಯಾರ ಗಡಿಯಾರದಲ್ಲಿ?"

"ಮೊಬೈಲಿನಲ್ಲಿ ಅಕ್ಕಾ."

"ಹ್ಞೂಂ. ಇನ್ನೆಷ್ಟು ಬಾಕಿ?"

"ಜುಲೈಯದ್ದು, ಆಗಸ್ಟಿನದ್ದು. ನಾಲ್ಕೈದು ಸಿಕ್ಕಿದರೆ ತಲೆ ಕೂಡಿಕೊಳ್ಳುತ್ತದೆ."

"ಹಾಗಾದರೆ ಈ ತಿಂಗಳು ಮನೆ ಖಾಲಿ ಮಾಡುವುದಿಲ್ಲ ಧಣಿಗಳೇ. ಬರುವ ಸೋಮವಾರ ನಾನು ಅಲ್ಲಿಗೆ ಬರುತ್ತೇನೆ. ನಿಮ್ಮನ್ನು ನಂಬಿ ಬಿಟ್ಟರೆ ನೀವು ಮತ್ತೆ ತೂತು ಮುಚ್ಚುತ್ತೀರಿ."

ಬಂದೂ ಬಿಟ್ಟರು. ಇದನ್ನು ಬರೆಯುತ್ತಿರುವಾಗ ಮೇಲೆ ಬಕೆಟ್ ಎಳೆಯುವ ಸದ್ದು ಕೇಳುತ್ತಿದೆ. ಗಂಟೆ ಹನ್ನೆರಡು ಇಪ್ಪತ್ತು. ಹೊರಗೆ ಜಡಿಮಳೆ. ಇಷ್ಟು ಮಳೆಗೆ ಎಂಥ ಸೂರ್ಯ ಅಕ್ಕಾ ಎಂದು ನಾನು ಕೂಗಿ ಹೇಳಿದ್ದಕ್ಕೆ, ಸುಮ್ಮನೆ ಕೂಗಬೇಡಿ, ಗಂಟೆ ನೋಡಿ ಹೇಳಿ ಎಂದು ಉತ್ತರ ಬಂದಿದೆ.